ಹೊಲವಿಲ್ಲದವಳಿಗೆ ಮುಯ್ಯಾಳು

ಮೊನ್ನೆ ಕುಶಾಲನಗರದ ಕಡೆ ಒಂದು ಕಾಲೇಜಿಗೆ ಮಾತಾಡಲು ಹೊರಟಿದ್ದೆ. ಕಂಪಲಾಪುರ ದಾಟುತ್ತಿದ್ದ ಹಾಗೆ ಡ್ರೈವರ್ ಕಿಟಕಿ ಏರಿಸಲು ಕೈಹಾಕಿದ. "ವಾಸ್ನೆ ಕಣ್ ಮೇಡಂ, ಬ್ಯಾರನ್ಗೆ ಬೆಂಕಿ ಹಾಕವ್ರೆ" ಅಂದ. "ಏರಿಸಬೇಡಪ್ಪ, ಹಾಗೇ ಇರಲಿ" ಅಂದೆ. ಬ್ಯಾರನ್ ಎಂಬ ಎತ್ತರದ ಒಲೆಮನೆಯಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಅದು. ಬೆಲ್ಲದ ಪಾಕ ತಳ ಹತ್ತಿದಂಥ ಸಿಹಿ, ಅದರ ಹಿಂದೆಯೇ ತಲೆ ಹಿಡಿದುಕೊಳ್ಳುವ ಘಾಟು. ಒಳ್ಳೆಯ ವಾಸನೆ ಅಂತ ನಾನೇನೂ ವಾದಿಸುವುದಿಲ್ಲ. ಆದರೆ ಇಪ್ಪತ್ತು ವರ್ಷದ ಮೇಲೂ ಅದು ಮೂಗಿಗೆ ಬಡಿದರೆ ನನ್ನ ಬೆರಳ ತುದಿಗಳು ಅಂಟಂಟಾಗುತ್ತವೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಕಂಪಲಾಪುರದಿಂದ ಒಳಗೆ ಹೋಗುವ ಒಂದು ಊರು. ಹೆಸರನ್ನು ಆಗಲೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ನಾನು ಮೈಸೂರಿನಲ್ಲಿ ಮಹಿಳಾ ಅಧ್ಯಯನದ ಎಂ.ಫಿಲ್. ಮಾಡುತ್ತಿದ್ದೆ. ನಮ್ಮ ತರಗತಿಯೇ ಒಂದು ಸಂತೆ. ಚರಿತ್ರೆಯಿಂದ ಬಂದವಳು ಹಳೇ ಕಾಗದ ಹುಡುಕೋಣ ಅನ್ನುತ್ತಿದ್ದಳು, ಅರ್ಥಶಾಸ್ತ್ರದವಳು ಎಣಿಸೋಣ ಅನ್ನುತ್ತಿದ್ದಳು, ಸಾಹಿತ್ಯದವಳು ಹಾಡು ಕೇಳೋಣ ಅನ್ನುತ್ತಿದ್ದಳು. ಸಮಾಜಶಾಸ್ತ್ರದಿಂದ ಬಂದ ನಾನು ಪ್ರಶ್ನಾವಳಿ ಮಾಡಿಕೊಂಡು ಕೂತಿದ್ದೆ. ನಮ್ಮ ಗೈಡ್ ಮೇಡಂ ಎಲ್ಲರನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: "ಏನು ಕೇಳ್ತೀರಿ ಅನ್ನೋದು ಆಮೇಲಿನ ಮಾತು. ಎಲ್ಲಿ ಕೂತುಕೊಂಡು ಕೇಳ್ತೀರಿ, ಅದನ್ನ ಮೊದಲು ಹೇಳಿ." ನಾವು ತಲೆಯಾಡಿಸುತ್ತಿದ್ದೆವು. ಅರ್ಥವಾಗಿದ್ದು ಯಾರಿಗೋ ದೇವರೇ ಬಲ್ಲ.

ಇನ್ನೊಂದು ವಿಷಯ ಈಗಲೇ ಹೇಳಿಬಿಡಬೇಕು. ನನಗೊಬ್ಬಳು ಮಗಳಿದ್ದಳು, ಇಂದು ಅಂತ. ಅವಳು ನನ್ನ ಹತ್ತಿರ ಇರಲಿಲ್ಲ. ಕೆ.ಆರ್. ನಗರದ ಆಚೆ ಮಿರ್ಲೆಯಲ್ಲಿ ನನ್ನ ಅತ್ತೆಯ ಹತ್ತಿರ ಇದ್ದಳು. ಗಂಡನ ವಿಷಯ ಇಲ್ಲಿ ಹೆಚ್ಚು ಬೇಡ. ಕೈ ಎತ್ತುತ್ತಿದ್ದ, ಬಿಟ್ಟು ಬಂದೆ, ಅಷ್ಟೇ. ಬರುವಾಗ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಿದ್ದೆ. ಮೈಸೂರಿನ ಒಂಟಿಕೋಣೆಯ ಥಂಡಿಗೆ ಅದಕ್ಕೆ ಕೆಮ್ಮು ಹಿಡಿದಾಗ ಅತ್ತೆ ಬಂದು "ವಾಸಿಯಾಗೋಗಂಟ ನಾನು ನೋಡ್ಕೋತೀನಿ" ಎಂದು ಕರೆದುಕೊಂಡು ಹೋದರು. ಕೆಮ್ಮು ವಾಸಿಯಾಯಿತು, ಮಗು ಮಾತ್ರ ಬರಲಿಲ್ಲ. ತಿಂಗಳಿಗೊಮ್ಮೆ ಹೋದರೆ ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಿದ್ದರು. ಆ ಮನೆಯಲ್ಲಿ ಅತ್ತೆಯ ಮಾತಿಗೆ ಎದುರಿಲ್ಲ, ಮಗನೂ ಎದುರಾಡುವವನಲ್ಲ. ಕೋರ್ಟಿಗೆ ಹೋಗು ಅಂದವರಿದ್ದರು. ಹೋದರೆ ಮಗುವೇ ಓದಿ ಲಾಯರಾಗಿ ತನ್ನ ಕೇಸನ್ನು ತಾನೇ ನಡೆಸುವಷ್ಟು ಕಾಲ ಹಿಡಿಯುತ್ತಿತ್ತು. ಎರಡು ವರ್ಷ ಹೀಗೇ ಕಳೆದಿತ್ತು, ಮಗು ನನ್ನನ್ನು ನೋಡಿ ಅಜ್ಜಿಯ ಸೆರಗು ಹಿಡಿಯತೊಡಗಿತ್ತು.

ಇದನ್ನೆಲ್ಲ ಎದೆಯೊಳಗೆ ಗಂಟು ಕಟ್ಟಿಕೊಂಡು ಆ ಊರಿಗೆ ಹೋದೆ. ಹೊಗೆಸೊಪ್ಪಿನ ಬೇಸಾಯದಲ್ಲಿ ಹೆಂಗಸರ ದುಡಿಮೆ ನನ್ನ ವಿಷಯ. ಮೊದಲ ದಿನಗಳು ಬರೀ ಫಜೀತಿ. ಪ್ರಶ್ನೆ ಹೆಂಡತಿಗೆ ಕೇಳಿದರೆ ಉತ್ತರ ಗಂಡನಿಂದ ಬರುತ್ತಿತ್ತು. ಗಂಡ ಇಲ್ಲದ ಹೊತ್ತು ನೋಡಿ ಕೇಳಿದರೆ, "ನಮ್ದೇನೈತೆ ಮೇಡಮ್ಮೋರೆ, ಮನೇಲಿ ಸುಮ್ಕಿರ್ತೀವಿ" ಅನ್ನುತ್ತಿದ್ದರು. ಹಾಗನ್ನುವಾಗಲೂ ಕೈ ಸೊಪ್ಪು ಕಟ್ಟುತ್ತಲೇ ಇರುತ್ತಿತ್ತು. ಹೊಲದಿಂದ ಮುರಿದು ತಂದ ಹಸಿ ಎಲೆಯನ್ನು ಎರಡು ಮೂರು ಜೋಡಿಸಿ ಉದ್ದನೆಯ ಕಡ್ಡಿಗೆ ಆ ಕಡೆ ಈ ಕಡೆ ದಾರದಲ್ಲಿ ಬಿಗಿಯಬೇಕು. ಆ ಕಡ್ಡಿಗಳನ್ನು ಗಂಡಸರು ಬ್ಯಾರನ್ನಿನೊಳಗೆ ತೂಗುಹಾಕಿ ಬೆಂಕಿ ಕೊಡುತ್ತಾರೆ. ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹೆಂಗಸರು ಸಾಲಾಗಿ ಕೂತು ಬೆಳಗ್ಗೆಯಿಂದ ಸಂಜೆ ತನಕ ಕಟ್ಟುತ್ತಾರೆ. ಇದಕ್ಕೆ ಹೆಸರು ಸುಮ್ಮನಿರುವುದು.

ಒಬ್ಬೊಬ್ಬರನ್ನೇ ಏಕಾಂತದಲ್ಲಿ ಮಾತಾಡಿಸಬೇಕು ಎಂದು ನಾನು ಓದಿಕೊಂಡಿದ್ದೆ. ಹಾಗೆಂದು ಚಿಕ್ಕತಾಯಕ್ಕನನ್ನು ಒಳಕೋಣೆಗೆ ಕರೆದೆ. ಸಾಲಿನ ಯಜಮಾನಿ ಅವಳು. ದೊಡ್ಡ ಗಂಟಲು, ದೊಡ್ಡ ಮೂಗುತಿ, ತಾನು ಹಾಡಿದರೆ ಪಿರಿಯಾಪಟ್ಟಣದ ತನಕ ಕೇಳಿಸುತ್ತದೆ ಎಂಬ ದೊಡ್ಡ ಜಂಬ. ನಾನು ಬಾಗಿಲು ಮುಂದೆ ಮಾಡಿ ಟೇಪ್ ರೆಕಾರ್ಡರ್ ಒತ್ತಿದ್ದೇ ತಡ, ಅವಳು ಎದ್ದು ನಿಂತಳು.

"ಬಾಗ್ಲಾಕ್ಕಂಡು ಮಾತಾಡಾಕೆ ನಾನೇನ್ ಕದ್ದಿವ್ನಾ? ಒಳಗೆ ಆಡಿದ್ ಮಾತ್ಗೆ ಸಾಕ್ಷಿ ಯಾರು? ನಾಳೆ ನೀನು ಒಂದಕ್ಕೆ ಎಲ್ಡು ಬರ್ಕಂಡ್ರೆ?"

"ಇಲ್ಲ ಅಕ್ಕ, ನಿಮ್ಮ ಕಷ್ಟಸುಖ ಯಾರಿಗೂ ಗೊತ್ತಾಗಬಾರದಲ್ಲ, ಅದಕ್ಕೇ..."

"ನನ್ ಕಷ್ಟ ಸಾಲ್ನೋರ್ಗೆಲ್ಲ ಗೊತ್ತು ಕಣವ್ವ. ಗೊತ್ತಿಲ್ದಿರೋದು ನಿಂಗೊಬ್ಳಿಗೇ. ಬಾ, ಬಂದು ಸಾಲಲ್ಲಿ ಕುಂತ್ಕೋ. ಕೈ ಸುಮ್ಕಿದ್ರೆ ಬಾಯಿ ಎಂಗ್ ಬತ್ತದೆ? ಮತ್ತೆ ಈ ನೀವುಗೀವು ಬುಡು, ನಿಮ್ಮಕ್ಕಂಗೆ ನೀವು ಅಂತೀಯಾ?"

ಅವತ್ತಿನಿಂದ ನಾನು ಸಾಲಿನಲ್ಲಿ ಕೂತೆ. ಮೊದಲು ಕಟ್ಟಿದ ಕಡ್ಡಿಗಳನ್ನು ಅವರು ಬಿಚ್ಚಿ ಮತ್ತೆ ಕಟ್ಟಿ ನಕ್ಕರು. ಇವತ್ತು ಒಬ್ಬರ ಮನೆಯ ಬ್ಯಾರನ್ ಮುಂದೆ, ನಾಳೆ ಇನ್ನೊಬ್ಬರ ಮನೆ ಮುಂದೆ. ಅಲ್ಲಿ ಕೂಲಿಯ ಲೆಕ್ಕ ಇರಲಿಲ್ಲ, ಮುಯ್ಯಾಳಿನ ಲೆಕ್ಕ. ನಾನು ನಿನ್ನ ಮನೆಗೆ ಒಂದು ದಿನ ದುಡಿದರೆ ನೀನು ನನ್ನ ಮನೆಗೆ ಒಂದು ದಿನ ದುಡಿಯಬೇಕು. ಯಾರೂ ಎಲ್ಲೂ ಬರೆದಿಡುವುದಿಲ್ಲ, ಯಾರೂ ಮರೆಯುವುದಿಲ್ಲ. ಮುಯ್ಯಿ ಉಳಿಸಿಕೊಂಡವಳನ್ನು ಮದುವೆಮನೆಯಲ್ಲೂ ಪಕ್ಕಕ್ಕೆ ಕೂರಿಸಿಕೊಳ್ಳುವುದಿಲ್ಲ.

ಸಾಲಿನಲ್ಲಿ ಮಾತು ಬರುವ ರೀತಿ ನೋಡಿ ನಾನು ಬೆಪ್ಪಾದೆ. ಒಬ್ಬಳು ತನ್ನ ಬಾಣಂತನದ ಕತೆ ತೆಗೆಯುತ್ತಾಳೆ. ಪಕ್ಕದವಳು, "ಅವತ್ತು ಮಳೆ ಬಂದಿತ್ತು, ಅದ್ನೂ ಏಳು" ಅನ್ನುತ್ತಾಳೆ. ಮೂರನೆಯವಳು, "ಸುಳ್ಳೇಳ್ಬ್ಯಾಡ, ನಿಮ್ಮತ್ತೆ ಬಿಸ್ನೀರು ಕಾಯ್ಸಿ ಕೊಟ್ಟಿದ್ಲು" ಎಂದು ತಿದ್ದುತ್ತಾಳೆ. ಹೇಳುವವಳು ಒಂದು ಗಳಿಗೆ ಸಿಟ್ಟಾಗಿ, ಆಮೇಲೆ "ಊಂ ಕಣೆ, ಕಾಯ್ಸಿದ್ಲು" ಎಂದು ಒಪ್ಪಿ ಮುಂದೆ ಹೋಗುತ್ತಾಳೆ. ಕತೆ ಒಬ್ಬಳದು, ಅದನ್ನು ಹೊತ್ತು ನಿಲ್ಲಿಸುವುದು ಇಡೀ ಸಾಲು. ಟೇಪ್ ಕೇಳಿದ ನಮ್ಮ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಬ್ಬೊಬ್ಬರನ್ನೇ ಕೇಳೋದು ಅಂತ ನಾವು ಎಷ್ಟು ವರ್ಷ ಪಾಠ ಮಾಡಿದ್ವಲ್ಲ ಸುಮಿತ್ರಾ. ಇದು ಸಾಕ್ಷಿ ಸಮೇತ ಬರೋ ಮಾತು. ಹೋಗು, ಅಲ್ಲೇ ಕೂತ್ಕೋ" ಅಂದರು.

ಆದರೆ ಮಾತಿಗೂ ಮುಯ್ಯಿ ಇದೆ ಅಂತ ನನಗೆ ಯಾರು ಹೇಳಿದ್ದರು? ಒಂದು ಮಧ್ಯಾಹ್ನ, ಹೊರಗೆ ಜಡಿಮಳೆ ಹಿಡಿದಿತ್ತು. ಚಿಕ್ಕತಾಯಕ್ಕ ಕಡ್ಡಿಯ ತುದಿಗೆ ಗಂಟು ಹಾಕಿ ನನ್ನ ಕಡೆ ತಿರುಗಿದಳು.

"ನಮ್ದೆಲ್ಲ ಇಸ್ಕಂಡ್ಯಲ್ಲ. ನಿಂದು ಕೊಡೋದು ಯಾವಾಗ?"

"ನಂದೇನಿದೆ ಅಕ್ಕ, ಓದ್ತಾ ಇದ್ದೀನಿ."

"ಓದೋರ್ಗೆ ಒಟ್ಟೆ ಇಲ್ವಾ, ಒಡಲು ಇಲ್ವಾ? ಸಾಲಲ್ಲಿ ಕುಂತ್ಮೇಲೆ ಕೊಡ್ಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮವ್ವ ಹೇಳುತ್ತಿದ್ದಳು. ಅದನ್ನೇ ನೆನೆಸಿಕೊಂಡು ಬಾಯಿ ಬಿಗಿದುಕೊಂಡೆ. ಸಾಲು ಕಾಯಿತು. ಯಾರೂ ಒತ್ತಾಯ ಮಾಡಲಿಲ್ಲ, ಕೈಗಳು ಮಾತ್ರ ಓಡುತ್ತಿದ್ದವು. ಅದೇನಾಯಿತೋ, ಹೇಳಿಬಿಟ್ಟೆ. ಗಂಡ, ಏಟು, ಮಗುವಿನ ಕೆಮ್ಮು, ಮಿರ್ಲೆಯ ಜಗಲಿ, ಕಾಫಿ ಲೋಟ, ಎಲ್ಲ. ಹೇಳುತ್ತಾ ಹೇಳುತ್ತಾ ಸೊಪ್ಪಿನ ಅಂಟು ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಉರಿ ಹತ್ತಿ ಇನ್ನೂ ಅತ್ತುಬಿಟ್ಟೆ. ಒಬ್ಬಳು ಓಡಿಹೋಗಿ ನೀರು ತಂದಳು. ಅಯ್ಯೋ ಪಾಪ ಅಂತ ಯಾರೂ ಅನ್ನಲಿಲ್ಲ. ಚಿಕ್ಕತಾಯಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು:

"ನಿಮ್ಮತ್ತೆಗೆ ಗದ್ದೆ ಎಷ್ಟೈತೆ?"

ಇದೆಂಥ ಪ್ರಶ್ನೆ ಅನ್ನಿಸಿತು. ಕಾಲುವೆ ಕೆಳಗೆ ಒಳ್ಳೇ ಗದ್ದೆ ಇದೆ, ಈಚೆಗೆ ಕೊಯ್ಲಿಗೆ ಆಳು ಸಿಗದೆ ಒದ್ದಾಡುತ್ತಾರೆ ಅಂದೆ. "ಊಂ" ಅಂದಳು. ಅಷ್ಟೇ.

ಗೌರಿ ಹಬ್ಬ ಹೋಯಿತು, ಆಯುಧಪೂಜೆ ಹೋಯಿತು. ಸೊಪ್ಪಿನ ಕೊನೆಯ ಎಲೆಯೂ ಮುರಿದಾಗಿ ಬ್ಯಾರನ್ನುಗಳು ತಣ್ಣಗಾದವು. ನಾನು ಗಂಟು ಕಟ್ಟಿ ಹೊರಡುವ ಹೊತ್ತಿಗೆ ಸಾಲಿನವರೆಲ್ಲ ಚಿಕ್ಕತಾಯಕ್ಕನ ಜಗಲಿಯ ಮೇಲೆ ಸೇರಿದ್ದರು. ಬೀಳ್ಕೊಡಲು ಬಂದಿದ್ದಾರೆ ಅಂದುಕೊಂಡೆ.

"ನೀನು ನಮ್ಮೆಲ್ಲರ ಮನೇಗೂ ಸೊಪ್ಪು ಕಟ್ಟಿದ್ದೀಯಾ. ನಾವು ಮುಯ್ಯಿ ಆಳು ಬರ್ಬೇಕು. ನಿನ್ ಒಲ ಎಲ್ಲೈತೆ?" ಚಿಕ್ಕತಾಯಕ್ಕ ಕೇಳಿದಳು.

"ಅಯ್ಯೋ, ನಾನು ನನ್ನ ಕೆಲಸಕ್ಕೆ ಬಂದವಳು ಅಕ್ಕ. ನನಗೆ ಹೊಲ ಇಲ್ಲ, ಗದ್ದೆ ಇಲ್ಲ."

"ಮಿರ್ಲೇಲಿ ಐತಲ್ಲ."

ನನಗೆ ನಗು ಬಂತು, ಆಮೇಲೆ ಭಯವಾಯಿತು. ಬೇಡ, ಜಗಳ ಆಗುತ್ತದೆ, ಈಗ ಕೊಡುವ ಕಾಫಿಯೂ ನಿಂತುಹೋಗುತ್ತದೆ ಎಂದು ಗೋಗರೆದೆ. "ಜಗಳಕ್ಕೆ ಯಾರು ಓಯ್ತರೆ? ನಾವು ಓಗೋದು ಕುಯ್ಲಿಗೆ" ಅಂದಳು. ಮೇಡಂಗೆ ಫೋನ್ ಮಾಡಿ ಕೇಳಿದೆ. ಸಂಶೋಧನೆಗೂ ಇದಕ್ಕೂ ಸಂಬಂಧ ಇಲ್ಲ, ಹೋಗಬೇಡ ಅನ್ನಲಿ ಎಂದು ಒಳಗೊಳಗೇ ಆಸೆ. ಅವರು ಮಾತ್ರ, "ಹೆಂಗಸರು ಕೊಟ್ಟಿದ್ದನ್ನ ತಗೊಂಡೆವು, ತಿರುಗಿ ಏನು ಕೊಟ್ಟೆವು ಅಂತ ನಾವು ತಲೆ ಕೆಡಿಸಿಕೊಳ್ತೀವಿ. ಅವರೇ ನಿನಗೆ ಕೊಡೋಕೆ ಬಂದಿದಾರೆ. ಹೋಗಿ ನೋಡು ಸುಮಿತ್ರಾ" ಅಂದರು.

ಸೊಪ್ಪು ಸಾಗಿಸುವ ಟೆಂಪೋದಲ್ಲಿ ಹುಣಸೂರಿನ ಮೇಲೆ ಹಾದು ಕೆ.ಆರ್. ನಗರ ದಾಟಿ ಬೆಳಗಿನ ಬಿಸಿಲು ಏರುವ ಮುಂಚೆ ಮಿರ್ಲೆ ಸೇರಿದೆವು. ಆ ದಿನ ಬಿಸಿಲೂ ಇರಲಿಲ್ಲ ಅನ್ನಿ. ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿತವಂತೆ, ಆಕಾಶ ಬೂದಿ ಬಳಿದುಕೊಂಡಿತ್ತು. ಅತ್ತೆಯ ಗದ್ದೆಯಲ್ಲಿ ಭತ್ತ ಹಣ್ಣಾಗಿ ಅರ್ಧ ಮಲಗಿತ್ತು. ಇನ್ನೊಂದು ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ. ಅತ್ತೆ ಇಂದುವನ್ನು ಕಂಕುಳಲ್ಲಿ ಇಟ್ಟುಕೊಂಡು ಬದುವಿನ ಮೇಲೆ ಒಬ್ಬರೇ ನಿಂತು ಮೇಲೆ ನೋಡುತ್ತಿದ್ದರು.

ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಮುಖ ಮರೆಮಾಡಿಕೊಳ್ಳಲು ನೋಡಿದೆ. ಚಿಕ್ಕತಾಯಕ್ಕ ಎಳೆದು ತೆಗೆದಳು. "ಕಳ್ರಂಗೆ ಓಗ್ಬಾರ್ದು. ನೀನೇ ಮುಂದೆ ನಡೀ."

ಅತ್ತೆ ನನ್ನನ್ನು ಕಂಡರು, ನನ್ನ ಹಿಂದೆ ಕುಡುಗೋಲು ಹಿಡಿದ ಅಷ್ಟೂ ಹೆಂಗಸರನ್ನು ಕಂಡರು. ಮುಖ ಆ ಕಡೆ ತಿರುಗಿಸಿದರು. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಭತ್ತ ಹಾಗೆ ಮಲಗಿರುವಾಗ ಯಾವ ರೈತಗಿತ್ತಿ ತಾನೇ ಹೋಗಿ ಅಂದಾಳು? ನಾವು ಸಾಲಾಗಿ ಇಳಿದೆವು.

ಆ ಕೊಯ್ಲನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಣನೆಲದಲ್ಲಿ ಸೊಪ್ಪು ಬೆಳೆದು ಬದುಕಿದವರು, ಗದ್ದೆ ಕೊಯ್ಲು ಅವರ ದಿನನಿತ್ಯದ ಕೆಲಸವಲ್ಲ. ಕೆಸರಿನಲ್ಲಿ ಕಾಲು ಹೂತು ಬೈದುಕೊಂಡರು, ನಕ್ಕರು, ಒಬ್ಬಳು ಬೆರಳು ಕೊಯ್ದುಕೊಂಡಳು. ಆದರೂ ಚಿಕ್ಕತಾಯಕ್ಕ ಪದ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿದು, ಸಾಲು ಒಂದೇ ಮೈಯಾಗಿ ಮುಂದೆ ಸರಿಯುತ್ತಿತ್ತು. ಬೆಳಗ್ಗೆ ಒಮ್ಮೆ ಮೋಟರ್ ಬೈಕಿನ ಸದ್ದಾಯಿತು. ಇಂದುವಿನ ಅಪ್ಪ. ರಸ್ತೆಯಲ್ಲೇ ನಿಂತು ನಮ್ಮನ್ನೂ ನಮ್ಮ ಕುಡುಗೋಲುಗಳನ್ನೂ ನೋಡಿದ, ಗಾಡಿ ತಿರುಗಿಸಿಕೊಂಡು ಹೋದ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಧ್ಯಾಹ್ನ ಅತ್ತೆ ಹಿಟ್ಟಿನ ಮುದ್ದೆ, ಹುಳಿ ಹೊತ್ತು ತಂದರು. ಆಳಿಗೆ ಊಟ ಹಾಕದೆ ಇರುವ ಹೆಂಗಸಲ್ಲ ಅವರು. ಉಂಡಾದ ಮೇಲೆ ಇಂದುವನ್ನು ಮರದ ಬುಡದಲ್ಲಿ ಕೂರಿಸಿ, ಸೆರಗು ಸಿಕ್ಕಿಸಿ, ತಾವೇ ಕುಡುಗೋಲು ಹಿಡಿದು ಸಾಲಿಗೆ ಇಳಿದರು. ನನ್ನಿಂದ ಎರಡು ಆಳಿನಾಚೆ. ಆಮೇಲೆ ಚಿಕ್ಕತಾಯಕ್ಕ ತನ್ನ ಸೊಸೆಯ ದೂರು ಶುರುಮಾಡಿದಳು, ಇನ್ನೊಬ್ಬಳು ತನ್ನ ಅತ್ತೆಯ ದೂರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಮತ್ತೊಬ್ಬಳು ಸಮಾಧಾನ ಹೇಳಿದಳು. ಕುಡುಗೋಲಿನ ಸರಕ್ ಸರಕ್ ನಡುವೆ ಇದ್ದಕ್ಕಿದ್ದಂತೆ ಅತ್ತೆಯ ದನಿ ಕೇಳಿಸಿತು.

"ನಾನೂ ಒಂದ್ಸಲ ತವ್ರಿಗೆ ಓಡೋಗಿದ್ದೆ ಕಣ್ರವ್ವ. ಎಳೇ ಕೂಸು ಎತ್ಕಂಡು. ಸಂಜೆ ಬಸ್ಗೇ ನಮ್ಮಪ್ಪ ವಾಪಸ್ ತಂದು ಬುಟ್ಟ."

ಯಾರೂ ಕುಡುಗೋಲು ನಿಲ್ಲಿಸಲಿಲ್ಲ. "ಆಮೇಕೆ?" ಎಂದು ಪಕ್ಕದವಳು ಕೇಳಿದಳು. ಅತ್ತೆ ಹೇಳಿದರು. ಬಗ್ಗಿಕೊಂಡೇ, ಭತ್ತದ ಬುಡಕ್ಕೆ ಹೇಳುವವರಂತೆ ಹೇಳಿದರು. ಕೊನೆಗೆ, "ಈ ಮನೇಲಿ ಇರೋವೆಲ್ಲ ಗಂಡಸ್ರು. ಮಾತಾಡ್ತೀನಿ ಅಂದ್ರೆ ಆ ಮಗು ಒಂದೇಯ" ಅಂದರು. ಅವರ ಮನೆಯಲ್ಲಿ ಮೂರು ವರ್ಷ ಸೊಸೆಯಾಗಿದ್ದವಳು ನಾನು. ಆ ಹೆಂಗಸಿನೊಳಗೆ ಇಷ್ಟು ದೊಡ್ಡ ಕತೆ ಇತ್ತು, ಅದು ಹೊರಗೆ ಬರಲು ಒಂದು ಸಾಲು ಬೇಕಿತ್ತು.

ಮೊದಲ ಹನಿ ಬೀಳುವ ಹೊತ್ತಿಗೆ ಕೊನೆಯ ಹೊರೆ ಕಣಕ್ಕೆ ಹೋಗಿತ್ತು. ಅತ್ತೆ ಸೊಂಟದ ಚೀಲ ಬಿಚ್ಚಿ ಕೂಲಿ ಕೊಡಲು ಬಂದರು.

"ಕೂಲಿ ಬ್ಯಾಡ ಕಣಕ್ಕ" ಅಂದಳು ಚಿಕ್ಕತಾಯಕ್ಕ. "ನಿನ್ ಸೊಸೆ ನಮ್ಗೆ ದುಡ್ದಿದ್ಲು. ಆ ಮುಯ್ಯಿ ತೀರ್ಸಾಕೆ ಬಂದೋ. ಈಗ ನೀನು ಆಳು ತಿರುಗ್ಸಬೇಕಾದ್ದು ಅವ್ಳಿಗೆ."

ಅತ್ತೆ ಚೀಲವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಆ ದಿನ ಮೊದಲ ಬಾರಿಗೆ ನನ್ನ ಮುಖ ನೋಡಿ ಕೇಳಿದರು: "ಏನ್ ಕೆಲ್ಸ ಐತಮ್ಮಿ ನಿಂದು?"

ನನ್ನ ಮಗು ಕೊಡಿ ಎಂದು ಕೇಳಲು ಬಾಯಿ ತೆರೆದೆ. ಚಿಕ್ಕತಾಯಕ್ಕ ನನ್ನ ಕಾಲನ್ನು ಗಟ್ಟಿಯಾಗಿ ತುಳಿದಳು. ನೋವಿಗೆ ಮಾತು ಬದಲಾಯಿತು. "ಬರೆಯೋ ಕೆಲಸ ಇದೆ ಅತ್ತೆ. ಟ್ಯೂಷನ್ ಹೇಳ್ಕೊಂಡು, ಅಡುಗೆ ಮಾಡ್ಕೊಂಡು, ಬರೆಯೋಕೇ ಆಗ್ತಿಲ್ಲ" ಅಂದೆ. ಅವರು ಮಗುವನ್ನೆತ್ತಿಕೊಂಡು ಮನೆಗೆ ಹೋದರು.

ಟೆಂಪೋದಲ್ಲಿ ಕೂತು ನಾನು ರೇಗಿದೆ. "ಕೇಳೋಕೆ ಬಿಡಲಿಲ್ಲವಲ್ಲ ನೀನು!"

"ಕೇಳಿದ್ರೆ ಇಲ್ಲ ಅನ್ನಾಕೆ ದಾರಿ ಆಯ್ತದೆ. ಮುಯ್ಯಿಗೆ ಇಲ್ಲ ಅನ್ನಾಕಾಗಲ್ಲ. ಮಗೀನ ಬುಟ್ಟು ಅವ್ಳು ಎಲ್ಲಿಗೋಯ್ತಾಳೆ? ಸುಮ್ಕಿರು" ಅಂದು ಕಣ್ಣು ಮುಚ್ಚಿಕೊಂಡಳು.

ಭತ್ತ ಬಡಿದು ಒಣಗಿಸಿ ಆಗುವಷ್ಟು ದಿನ ಕಳೆಯಿತು. ನಾನು ಆಸೆ ಬಿಟ್ಟಿದ್ದೆ. ಒಂದು ಬೆಳಗ್ಗೆ ಮೈಸೂರಿನ ನನ್ನ ಕೋಣೆಯ ಬಾಗಿಲು ಬಡಿದ ಸದ್ದು. ತೆಗೆದರೆ ಅತ್ತೆ. ಒಂದು ಕಂಕುಳಲ್ಲಿ ಇಂದು, ಇನ್ನೊಂದರಲ್ಲಿ ಅಕ್ಕಿಯ ಗಂಟು.

"ಆಳು ಬಂದಿವ್ನಿ. ಕೆಲ್ಸ ತೋರ್ಸು."

ನಾವೆಷ್ಟು ಜನ ಅವರ ಗದ್ದೆಗೆ ಇಳಿದಿದ್ದೆವೋ ಅಷ್ಟು ದಿನ ಅವರು ನನ್ನ ಕೋಣೆಯಲ್ಲಿದ್ದರು. ಅವರು ಬೇಯಿಸಿದರು, ತೊಳೆದರು, ನಾನು ಬರೆದೆ. ಮಗು ಮೊದಲು ಅವರ ಮಗ್ಗುಲಲ್ಲಿ ಮಲಗುತ್ತಿತ್ತು, ಆಮೇಲೆ ನಮ್ಮಿಬ್ಬರ ನಡುವೆ, ಆಮೇಲೆ ಉರುಳಿ ಉರುಳಿ ನನ್ನ ಕಡೆ. ಅತ್ತೆ ಅದನ್ನೆಲ್ಲ ನೋಡುತ್ತಿದ್ದರು.

"ಏನ್ ಬರೀತಿದ್ದೀಯಾ ಇಷ್ಟೊಂದ್ನ?"

"ಹೆಂಗಸರನ್ನ ಹೇಗೆ ಕೇಳಬೇಕು ಅಂತ, ಅತ್ತೆ."

"ಕೇಳೋದ್ಕೂ ಒಂದ್ ಪುಸ್ತ್ಕವಾ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಂದೂ ಬರ್ದಿದ್ದೀಯಾ?" ಎಂದರು.

"ಇಲ್ಲ. ಬರೀಲಾ?"

"ಸಂಜೆ ಬಸ್ಗೆ ವಾಪಸ್ ತಂದು ಬುಟ್ರು ಅನ್ನೋದ್ ಬರಿ, ಮಾತಾಡಾಕೆ ಮಗು ಒಂದೇಯ ಅಂದಿದ್ದೂ ಬರಿ. ಮಿಕ್ಕಿದ್ದು ಸಾಲ್ನೋರ್ದು, ಅಲ್ಲೇ ಇರ್ಲಿ." ಅವತ್ತಿನ ಮಾತಿಗೆ ಒಪ್ಪಿ ನಾನು ಇಲ್ಲೂ ಅಷ್ಟೇ ಬರೆದಿದ್ದೇನೆ.

ಕೊನೆಯ ಬೆಳಗ್ಗೆ ಅತ್ತೆ ಬೇಗ ಎದ್ದು ಸ್ನಾನ ಮಾಡಿ ಚೀಲ ಕಟ್ಟಿಕೊಂಡರು. ಇಂದು ನಿದ್ದೆಯಲ್ಲಿದ್ದಳು. ಕೇಳಲೇಬೇಕಿತ್ತು.

"ಅತ್ತೆ, ಮಗೂನ ಎಬ್ಬಿಸ್ಲಾ? ಬಸ್ಸಿಗೆ ಹೊತ್ತಾಗುತ್ತೆ."

"ಯಾಕೆ?" ಅಂದರು. ಬಾಗಿ ಅವಳ ಹೊದಿಕೆ ಸರಿಮಾಡಿದರು, ಎದ್ದರು. "ನನ್ ಮುಯ್ಯಿ ತೀರ್ತು. ಮಗು ಮುಯ್ಯಿಗೆ ಸೇರ್ದಲ್ಲ ಕಣಮ್ಮಿ. ಅದು ನಿಂದು."

ನಾನು ಕಾಲಿಗೆ ಬಿದ್ದೆ. ಎತ್ತಲೂ ಇಲ್ಲ, ಹರಸಲೂ ಇಲ್ಲ, "ಬುಡು, ಬಸ್ ಓಯ್ತದೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೀದಿಯ ಕೊನೆ ತನಕ ನೋಡುತ್ತಾ ನಿಂತೆ. ಮಾತಾಡುವುದಕ್ಕೆ ಇದ್ದ ಒಂದೇ ಜೀವವನ್ನು ನನ್ನ ಬಾಗಿಲಲ್ಲಿ ಬಿಟ್ಟು ಆ ಗಂಡಸರ ಮನೆಗೆ ಹಿಂದಿರುಗಿ ನೋಡದೆ ಹೋಗುತ್ತಿದ್ದರು.

ಒಳಗೆ ಇಂದು ಎದ್ದು ಅಜ್ಜಿಯನ್ನು ಕಾಣದೆ ಬಿಕ್ಕತೊಡಗಿದಳು. ಎತ್ತಿಕೊಂಡೆ. ಎರಡು ವರ್ಷದ ಮೇಲೆ ನನ್ನ ಮಗಳು ನನ್ನ ಹೆಗಲಿಗೆ ಮುಖ ಒತ್ತಿ ಅಳುತ್ತಿದ್ದಳು. ಅವಳು ಅಳುತ್ತಿದ್ದದ್ದು ಅಜ್ಜಿಗಾಗಿ. ನಾನು ಅಳುತ್ತಿದ್ದದ್ದೂ ಅವರಿಗಾಗಿಯೇ.